ಕೊನೆಯ ಪದದಿಂದ ಹಿಂದಕ್ಕೆ: ಧ್ವನಿ ತಂತ್ರಜ್ಞಾನದ ಇಂಗ್ಲಿಷ್ ಸಮಾಸಗಳನ್ನು ಬಿಡಿಸುವ ಬಗೆ

(ಉಪನ್ಯಾಸದ ಬರಹ ರೂಪ)

ಧ್ವನಿ ಅಳೆಯುವ ಉಪಕರಣದ ಕೈಪಿಡಿ ತೆರೆದರೆ 'ಒನ್ ಥರ್ಡ್ ಆಕ್ಟೇವ್ ಬ್ಯಾಂಡ್ ಸೌಂಡ್ ಪ್ರೆಶರ್ ಲೆವೆಲ್' ಎಂಬ ಹೆಸರು ಕಾಣುತ್ತದೆ. ಏಳು ಪದಗಳಿವೆ. ಒಂದು ಕ್ರಿಯಾಪದವಿಲ್ಲ, 'ಆಫ್' ಇಲ್ಲ, 'ಫಾರ್' ಇಲ್ಲ. ಏಳರಲ್ಲಿ ಪ್ರತಿಯೊಂದರ ಅರ್ಥವೂ ಗೊತ್ತಿರುವ ವಿದ್ಯಾರ್ಥಿ ಕೂಡ ಏಳನ್ನೂ ಒಟ್ಟಿಗೆ ಕಂಡಾಗ ತಡವರಿಸುತ್ತಾನೆ. ಅಕೌಸ್ಟಿಕ್ಸ್, ಅಂದರೆ ಧ್ವನಿಶಾಸ್ತ್ರ, ಓದಲು ಬಂದವರಿಗೆ ಇಂಗ್ಲಿಷ್ ಕಷ್ಟ ಎನಿಸುವುದು ಹೆಚ್ಚಾಗಿ ಇಂಥ ಕಡೆಯೇ. ಪದ ಪದಗಳ ನಡುವೆ ಯಾವ ಸಂಬಂಧ ಅಡಗಿದೆ ಎಂಬುದನ್ನು ನಿಘಂಟು ಹೇಳುವುದಿಲ್ಲ. ಅದನ್ನು ಓದುವವರೇ ತುಂಬಿಕೊಳ್ಳಬೇಕು.

ಹಾಗೆ ತುಂಬಿಕೊಳ್ಳುವ ವಿದ್ಯೆ ಕನ್ನಡ ವ್ಯಾಕರಣ ಓದಿದವರಿಗೆ ಹೊಸದಲ್ಲ. 'ಅರಮನೆ' ಎಂದರೆ ಅರಸನ ಮನೆ. 'ಹಗಲುಗನಸು' ಎಂದರೆ ಹಗಲಿನಲ್ಲಿ ಕಾಣುವ ಕನಸು. 'ಕಣ್ಗುರುಡ' ಎಂದರೆ ಕಣ್ಣಿನಿಂದ ಕುರುಡ. ಸಮಾಸವಾಗುವಾಗ ವಿಭಕ್ತಿ ಪ್ರತ್ಯಯ ಉದುರಿಹೋಗುತ್ತದೆ, ವಿಗ್ರಹವಾಕ್ಯ ಮಾಡುವಾಗ ಅದನ್ನು ಮರಳಿ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಒಂದು ನಾಮಪದ ಇನ್ನೊಂದು ನಾಮಪದದ ಮುಂದೆ ವಿಶೇಷಣವಾಗಿ ನಿಂತಾಗ ಆಗುವುದೂ ಇದೇ. ತತ್ಪುರುಷದಲ್ಲಿ ಉತ್ತರಪದ ಪ್ರಧಾನ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರ ಇಂಗ್ಲಿಷಿಗೂ ಹೊಂದುತ್ತದೆ. ಎಷ್ಟೇ ಉದ್ದದ ಸರಪಳಿಯಾದರೂ ವಸ್ತು ಯಾವುದು ಎಂದು ಹೇಳುವುದು ಕೊನೆಯ ಪದ, ಅದಕ್ಕೂ ಮೊದಲಿನದೆಲ್ಲ ಅದರ ವಿವರಣೆ.

ಒಂದು ಸಣ್ಣ ಎಚ್ಚರಿಕೆ. ಕನ್ನಡದಲ್ಲಿ 'ಶಬ್ದ' ಎಂದರೆ ಪದವೂ ಹೌದು, ಸದ್ದೂ ಹೌದು, ಗಲಾಟೆಯೂ ಹೌದು. ಈ ವಿಷಯ ಮಾತನಾಡುವಾಗ ಇದು ಬಹಳ ತೊಡಕು ತರುತ್ತದೆ. ಆದ್ದರಿಂದ ಇಲ್ಲಿ 'ಸೌಂಡ್' ಎಂಬುದಕ್ಕೆ ಧ್ವನಿ, 'ನಾಯ್ಸ್' ಎಂಬುದಕ್ಕೆ ಗದ್ದಲ, 'ವರ್ಡ್' ಎಂಬುದಕ್ಕೆ ಪದ ಎಂದೇ ಬಳಸುತ್ತೇನೆ.

ಕೊನೆಯ ಪದಕ್ಕೆ ನಮ್ಮ ಕ್ಷೇತ್ರದಲ್ಲಿ ಇನ್ನೊಂದು ಬೆಲೆಯಿದೆ: ಅಳತೆಯ ಮಾನವನ್ನು ನಿರ್ಧರಿಸುವುದು ಅದೇ. 'ಸೌಂಡ್ ಪ್ರೆಶರ್' ಎಂಬುದರಲ್ಲಿ ಕೊನೆಯ ಪದ ಒತ್ತಡ, ಮಾನ ಪಾಸ್ಕಲ್. ಅದಕ್ಕೆ 'ಲೆವೆಲ್' ಸೇರಿಸಿ 'ಸೌಂಡ್ ಪ್ರೆಶರ್ ಲೆವೆಲ್' ಎಂದೊಡನೆ ವಸ್ತುವೇ ಬದಲಾಯಿತು. ಈಗ ಅದು ಒತ್ತಡವಲ್ಲ. 20 ಮೈಕ್ರೊಪಾಸ್ಕಲ್ ಎಂಬ ಆಧಾರ ಮೌಲ್ಯಕ್ಕೆ ಹೋಲಿಸಿ ಲಾಗರಿದಮ್ ತೆಗೆದ ಮಟ್ಟ, ಮಾನ ಡೆಸಿಬೆಲ್. 1 ಪಾಸ್ಕಲ್ ಒತ್ತಡ 94 ಡೆಸಿಬೆಲ್ ಮಟ್ಟವಾಗುತ್ತದೆ. 'ಸೌಂಡ್ ಪವರ್' ವ್ಯಾಟ್‌ನಲ್ಲಿ, 'ಸೌಂಡ್ ಪವರ್ ಲೆವೆಲ್' ಡೆಸಿಬೆಲ್‌ನಲ್ಲಿ, ಆಧಾರ 1 ಪಿಕೊವ್ಯಾಟ್. 'ಲೆವೆಲ್' ಎಂಬ ಪದ ಕೊನೆಯಲ್ಲಿ ಕಂಡರೆ ಎರಡು ಪ್ರಶ್ನೆ ತಾನಾಗಿ ಏಳಬೇಕು: ಯಾವುದರ ಮಟ್ಟ, ಯಾವ ಆಧಾರಕ್ಕೆ? ಗಾಳಿಯಲ್ಲಿ 20 ಮೈಕ್ರೊಪಾಸ್ಕಲ್ ಇದ್ದ ಆಧಾರ ನೀರಿನಲ್ಲಿ 1 ಮೈಕ್ರೊಪಾಸ್ಕಲ್ ಆಗುತ್ತದೆ. ಹೆಸರು ಮಾತ್ರ ಒಂದೇ. ಇದನ್ನು ಮರೆತು ನೀರಿನೊಳಗಿನ ಅಂಕಿಯನ್ನೂ ಗಾಳಿಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಆಧಾರದ ವ್ಯತ್ಯಾಸವೊಂದೇ 26 ಡೆಸಿಬೆಲ್ ತಪ್ಪು ತರುತ್ತದೆ.

ಕೊನೆಯ ಪದವನ್ನು ಸರಿಯಾಗಿ ಹಿಡಿದೂ ಮೋಸಹೋಗುವ ಒಂದು ಕಡೆ 'ಅಬ್ಸಾರ್ಪ್ಶನ್ ಏರಿಯಾ'. ಕೊನೆಯ ಪದ ವಿಸ್ತೀರ್ಣ, ಮಾನ ಚದರ ಮೀಟರ್. ಅಲ್ಲಿಯವರೆಗೆ ಸರಿ. ಆದರೆ ಇದು ಹೀರುವ ಹಲಗೆಗಳನ್ನು ಹಚ್ಚಿದ ಗೋಡೆಯ ವಿಸ್ತೀರ್ಣವಲ್ಲ. ಬಿದ್ದ ಧ್ವನಿಯನ್ನೆಲ್ಲ ನುಂಗುವ, ಪೂರ್ತಿ ತೆರೆದ ಕಿಟಕಿಯಂಥ ಮೇಲ್ಮೈ ಎಷ್ಟಿದ್ದರೆ ಇದಕ್ಕೆ ಸಮ ಎಂಬ ಲೆಕ್ಕ. 20 ಚದರ ಮೀಟರ್ ಹಲಗೆಯ ಹೀರುವಿಕೆಯ ಗುಣಾಂಕ 0.6 ಆದರೆ ಅಬ್ಸಾರ್ಪ್ಶನ್ ಏರಿಯಾ 12 ಚದರ ಮೀಟರ್. ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೀನ್ ಅವರ ಸೂತ್ರದಲ್ಲಿ ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ ಈ ವಿಸ್ತೀರ್ಣದಿಂದ ಭಾಗಿಸುತ್ತೇವೆ. 200 ಘನ ಮೀಟರಿನ ಕೋಣೆಗೆ, ಉಳಿದ ಮೇಲ್ಮೈಗಳ ಹೀರುವಿಕೆ ಲೆಕ್ಕಕ್ಕಿಲ್ಲ ಎಂದುಕೊಂಡರೆ, 12 ಹಾಕಿದಾಗ ರಿವರ್ಬರೇಶನ್ ಟೈಮ್, ಅಂದರೆ ಧ್ವನಿ ನಿಲ್ಲಿಸಿದ ಮೇಲೆ ಕೋಣೆಯಲ್ಲಿ ಅದು 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತು, ಸುಮಾರು 2.7 ಸೆಕೆಂಡು ಬರುತ್ತದೆ. ಹೆಸರನ್ನು ತಪ್ಪಾಗಿ ಬಿಡಿಸಿ 20 ಹಾಕಿದರೆ 1.6 ಸೆಕೆಂಡು. ಮೊದಲನೆಯದರಲ್ಲಿ ಮಾತು ಕಲಸಿಹೋಗುತ್ತದೆ. ಎರಡನೆಯ ಅಂಕಿ ನೋಡಿದವರು ಅಷ್ಟೊಂದು ಕೆಟ್ಟಿಲ್ಲ ಎಂದುಕೊಳ್ಳುತ್ತಾರೆ.

ಈಗ ವಿಭಕ್ತಿಗೆ ಬರೋಣ. ಇಡೀ ವಿಷಯದಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದು. 'ಲಾಸ್' ಎಂಬ ಒಂದೇ ಪದದ ಮೂರು ಹೆಸರುಗಳನ್ನು ನೋಡಿ. 'ಹಿಯರಿಂಗ್ ಲಾಸ್' ಎಂದರೆ ಕೇಳುವ ಶಕ್ತಿಯ ನಷ್ಟ, ಷಷ್ಠಿ. 'ಇನ್ಸರ್ಶನ್ ಲಾಸ್' ಎಂದರೆ ನಡುವೆ ಏನನ್ನೋ ಸೇರಿಸಿದ್ದರಿಂದ ಆದ ಇಳಿಕೆ, ತೃತೀಯೆ. ಗಾಳಿಕೊಳವೆಗೆ ಸೈಲೆನ್ಸರ್ ಕೂರಿಸುವ ಮುಂಚೆ ಒಂದು ಜಾಗದಲ್ಲಿ ಮಟ್ಟ ಅಳೆದು, ಕೂರಿಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆದು, ಮೊದಲಿನದರಿಂದ ನಂತರದ್ದನ್ನು ಕಳೆದರೆ ಅದು ಸಿಗುತ್ತದೆ. 'ಟ್ರಾನ್ಸ್‌ಮಿಶನ್ ಲಾಸ್' ಎಂದರೆ ಗೋಡೆಯ ಮೂಲಕ ಹಾದುಹೋಗುವಾಗ ಆಗುವ ಇಳಿಕೆ, ಸಪ್ತಮಿಗೆ ಹತ್ತಿರ. 'ಟ್ರಾನ್ಸ್‌ಮಿಶನ್ನಿನ ನಷ್ಟ' ಎಂದು ಷಷ್ಠಿ ಹಚ್ಚಿದರೆ ಕೆಟ್ಟದ್ದೇನೋ ಆಯಿತು ಎಂಬ ಭಾವ ಬರುತ್ತದೆ. ನಿಜದಲ್ಲಿ ಗೋಡೆಗೆ ಈ ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು: 30 ಡೆಸಿಬೆಲ್ ಇದ್ದರೆ ಬಿದ್ದ ಧ್ವನಿಶಕ್ತಿಯಲ್ಲಿ ಸಾವಿರದಲ್ಲೊಂದು ಪಾಲು, 50 ಇದ್ದರೆ ಲಕ್ಷದಲ್ಲೊಂದು ಪಾಲು ಮಾತ್ರ ಆಚೆ ಹೋಗುತ್ತದೆ. ಕಿವಿಗಾದರೆ ಅದೇ 'ಲಾಸ್' ಹೆಚ್ಚಿದಷ್ಟೂ ಕೇಡು.

'ಹಿಯರಿಂಗ್ ಪ್ರೊಟೆಕ್ಷನ್' ಮತ್ತು 'ನಾಯ್ಸ್ ಪ್ರೊಟೆಕ್ಷನ್' ಜೋಡಿಯೂ ಹಾಗೆಯೇ. ಮೊದಲನೆಯದು ಶ್ರವಣದ ರಕ್ಷಣೆ, ಎರಡನೆಯದು ಗದ್ದಲದ ದೆಸೆಯಿಂದ ರಕ್ಷಣೆ. ಒಂದರಲ್ಲಿ ಪೂರ್ವಪದ ಕಾಪಾಡಿಕೊಳ್ಳಬೇಕಾದದ್ದು, ಇನ್ನೊಂದರಲ್ಲಿ ದೂರ ಇಡಬೇಕಾದದ್ದು. 'ಸೌಂಡ್ ಅಬ್ಸಾರ್ಪ್ಶನ್' ಧ್ವನಿಯನ್ನು ಹೀರುವುದು, ದ್ವಿತೀಯೆ. 'ಸೌಂಡ್ ಇನ್ಸುಲೇಶನ್' ಧ್ವನಿಗೆ ತಡೆ, ಚತುರ್ಥಿ. 'ವೈಬ್ರೇಶನ್ ಐಸೊಲೇಶನ್' ಕಂಪನದಿಂದ ಬೇರ್ಪಡಿಸುವುದು, ಪಂಚಮಿ. ಇಂಗ್ಲಿಷಿನಲ್ಲಿ ಇವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಕನ್ನಡದ ಪ್ರತ್ಯಯ ಹಚ್ಚಿದ ಕೂಡಲೇ ಬೇರೆಬೇರೆಯಾಗುತ್ತವೆ. ಹೊಸ ಪದ ಸಿಕ್ಕಾಗ ಅದರ ಕನ್ನಡ ಅನುವಾದಕ್ಕಿಂತ ವಿಗ್ರಹವಾಕ್ಯವನ್ನು ಬರೆದುಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕೇ. 'ಧ್ವನಿನಿರೋಧ' ಎಂದು ಅನುವಾದಿಸಿದರೆ ಒಂದು ಸಮಾಸದ ಬದಲು ಇನ್ನೊಂದು ಸಮಾಸ ಬಂತು, ಅಷ್ಟೇ.

ಮುಂದಿನ ತೊಡಕು ಗುಂಪು ಕಟ್ಟುವುದು. ಎರಡು ಪದಗಳಿದ್ದಾಗ ಗುಂಪಿನ ಪ್ರಶ್ನೆಯಿಲ್ಲ. ಮೂರಾದಾಗ ಮೊದಲ ಪದ ಎರಡನೆಯದಕ್ಕೆ ಅಂಟುತ್ತದೋ ಮೂರನೆಯದಕ್ಕೋ ಎಂದು ಕೇಳಬೇಕು. 'ವೈಟ್ ನಾಯ್ಸ್ ಜನರೇಟರ್' ಬಿಳಿ ಬಣ್ಣದ ಪೆಟ್ಟಿಗೆಯಲ್ಲ, 'ವೈಟ್ ನಾಯ್ಸ್', ಅಂದರೆ ಎಲ್ಲ ಆವರ್ತನಗಳೂ ಸಮನಾಗಿ ಬೆರೆತ ಗದ್ದಲ, ಹುಟ್ಟಿಸುವ ಉಪಕರಣ. ಇದರಲ್ಲಿ ಯಾರೂ ತಪ್ಪುವುದಿಲ್ಲ. 'ಅರ್ಲಿ ಡಿಕೇ ಟೈಮ್' ಎಂಬಲ್ಲಿ ತಪ್ಪುತ್ತಾರೆ. ಬೇಗನೆ ಬರುವ ಒಂದು ಸಮಯ ಎಂದು ಓದಿಕೊಳ್ಳುತ್ತಾರೆ. 'ಅರ್ಲಿ' ಅಂಟಿರುವುದು 'ಡಿಕೇ'ಗೆ: ಧ್ವನಿ ನಿಲ್ಲಿಸಿದ ಮೇಲೆ ಅದು ಕರಗುವ ಮೊದಲ ಹಂತ. ಮೊದಲ 10 ಡೆಸಿಬೆಲ್ ಇಳಿಯಲು ಹಿಡಿದ ಹೊತ್ತನ್ನು 6ರಿಂದ ಗುಣಿಸಿ, 60 ಡೆಸಿಬೆಲ್ ಇಳಿಕೆಗೆ ಸಮ ಮಾಡಿ ಹೇಳುತ್ತಾರೆ. ಗುಣಿಸುವುದನ್ನು ಮರೆತು 0.2 ಸೆಕೆಂಡು ಎಂದು ಬರೆದಿಟ್ಟ ವರದಿ ಆರು ಪಟ್ಟು ಕಡಿಮೆ ಹೇಳಿದಂತಾಯಿತು. ಅಲ್ಲಿ ಇರಬೇಕಾದದ್ದು 1.2.

ಎಲ್ಲಕ್ಕಿಂತ ಅಪಾಯದ್ದು 'ಥರ್ಡ್ ಆಕ್ಟೇವ್ ಬ್ಯಾಂಡ್'. ಬ್ಯಾಂಡ್ ಎಂದರೆ ಆವರ್ತನಗಳ ಒಂದು ಪಟ್ಟಿ, ಆಕ್ಟೇವ್ ಎಂದರೆ ಆವರ್ತನ ಇಮ್ಮಡಿಯಾಗುವಷ್ಟು ಅಂತರ. 'ಥರ್ಡ್' ಎಂದರೆ ಮೂರನೆಯದೂ ಹೌದು, ಮೂರನೇ ಒಂದು ಪಾಲೂ ಹೌದು. 63 ಹರ್ಟ್ಸ್‌ನಿಂದ ಎಣಿಸಿದರೆ 63, 125, 250. ಮೂರನೆಯ ಆಕ್ಟೇವ್ ಬ್ಯಾಂಡ್ 250 ಹರ್ಟ್ಸ್‌ನದು. ಇದು ಒಂದು ಓದು. ಆಕ್ಟೇವಿನ ಮೂರನೇ ಒಂದು ಪಾಲಿನಷ್ಟು ಅಗಲದ ಬ್ಯಾಂಡ್ ಎಂಬುದು ಇನ್ನೊಂದು. ಮಧ್ಯ ಆವರ್ತನ 1000 ಹರ್ಟ್ಸ್ ಇದ್ದಾಗ ಪೂರ್ಣ ಆಕ್ಟೇವ್ ಬ್ಯಾಂಡ್ ಸುಮಾರು 707ರಿಂದ 1414 ಹರ್ಟ್ಸ್‌ವರೆಗೆ ಹರಡುತ್ತದೆ. ಮೂರನೇ ಒಂದು ಪಾಲಿನದು 891ರಿಂದ 1122ರವರೆಗೆ ಮಾತ್ರ. ಗೊಂದಲ ತಪ್ಪಿಸಲೆಂದೇ ಮಾನಕಗಳಲ್ಲಿ 'ಒನ್' ಸೇರಿಸಿ ನಡುವೆ ಹೈಫನ್ ಇಟ್ಟು ಬರೆಯುತ್ತಾರೆ. ನೀವೂ ಆ 'ಒನ್' ಬಿಡಬೇಡಿ. ನಮ್ಮ ವ್ಯಾಕರಣದಲ್ಲಿ ಪೂರ್ವಪದ ಸಂಖ್ಯೆಯಾದರೆ ದ್ವಿಗು ಸಮಾಸ. ದ್ವಿಗುವಿನಲ್ಲಿ ಎಣಿಕೆಯೋ ಕ್ರಮವೋ ಎಂಬ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲು ಕಂಡ ಏಳು ಪದದ ಹೆಸರನ್ನು ಈಗ ಬಲದಿಂದ ಕತ್ತರಿಸಿ. ಮಟ್ಟ. ಯಾವುದರ ಮಟ್ಟ? ಒತ್ತಡದ್ದು. ಎಂಥ ಒತ್ತಡ? ಧ್ವನಿಯಿಂದ ಉಂಟಾದದ್ದು, ಅಂದರೆ ವಾಯುಮಂಡಲದ ಒತ್ತಡದ ಸುತ್ತ ಆಗುವ ಏರಿಳಿತ ಮಾತ್ರ. ಎಲ್ಲಿ ಅಳೆದ ಮಟ್ಟ? ಬ್ಯಾಂಡಿನಲ್ಲಿ. ಎಷ್ಟು ಅಗಲದ ಬ್ಯಾಂಡು? ಆಕ್ಟೇವಿನ ಮೂರನೇ ಒಂದು ಪಾಲಿನದು. ಪ್ರತಿ ಕತ್ತರಿಗೂ ಒಂದು ಪ್ರಶ್ನೆ, ಪ್ರತಿ ಪ್ರಶ್ನೆಗೂ ಒಂದು ಪ್ರತ್ಯಯ. ಉಳಿಯುವ ಎಡತುದಿ ಅಳತೆಯ ಷರತ್ತೇ ಆಗಿರುವುದು ಸಾಮಾನ್ಯ.

ಆದರೆ ವಿಗ್ರಹವಾಕ್ಯ ಎಲ್ಲ ಕಡೆ ಗೆಲ್ಲುವುದಿಲ್ಲ. 'ನಾಯ್ಸ್ ರಿಡಕ್ಷನ್ ಕೋಎಫಿಶಿಯಂಟ್' ಅದನ್ನು ಸೋಲಿಸುವ ಹೆಸರು. ವ್ಯಾಕರಣದ ಪ್ರಕಾರ ಬಿಡಿಸಿದರೆ ಗದ್ದಲವನ್ನು ತಗ್ಗಿಸುವುದರ ಗುಣಾಂಕ. ನಿಜವಾಗಿ ಅದು ಹೀರುವಿಕೆಯ ಸರಾಸರಿ. ವಸ್ತುವಿನ ಹೀರುವಿಕೆಯ ಗುಣಾಂಕವನ್ನು 250, 500, 1000, 2000 ಹರ್ಟ್ಸ್‌ಗಳಲ್ಲಿ ತೆಗೆದುಕೊಂಡು, ಕೂಡಿಸಿ, ನಾಲ್ಕರಿಂದ ಭಾಗಿಸಿ, ಹತ್ತಿರದ 0.05ಕ್ಕೆ ಸರಿಮಾಡುತ್ತಾರೆ. 0.30, 0.70, 0.85, 0.90 ಇದ್ದರೆ ಸರಾಸರಿ 0.6875, ಹೇಳುವ ಅಂಕಿ 0.70. ಹೆಸರನ್ನು ನಂಬಿದವರು ಇದನ್ನು ಗದ್ದಲ ನೂರಕ್ಕೆ 70ರಷ್ಟು ಕಡಿಮೆಯಾಗುತ್ತದೆ ಎಂದು ಓದುತ್ತಾರೆ. ಪಕ್ಕದ ಕೋಣೆಯ ಮಾತು ಕೇಳದಿರಲಿ ಎಂದು ಹಗುರ ನಾರಿನ ಹಲಗೆ ಹಚ್ಚುತ್ತಾರೆ. ನಾರಿನ ಹಲಗೆ ತಾನಿರುವ ಕೋಣೆಯ ಗುಂಯ್‌ಗುಡುವಿಕೆಯನ್ನು ತಗ್ಗಿಸುತ್ತದೆ. ಆದರೆ ಗಾಳಿ ಅದರೊಳಗೆ ಹೊಕ್ಕು ಹೊರಡುವಂತಿರುವುದರಿಂದಲೇ ಅದು ಹೀರುವುದು, ಅದೇ ಕಾರಣಕ್ಕೆ ಆಚೆಗೆ ದಾಟುವ ಧ್ವನಿಯನ್ನು ಅದು ತಡೆಯಲಾರದು. ತಡೆಗೆ ತೂಕ ಬೇಕು, ಬಿರುಕಿಲ್ಲದ ಮುಚ್ಚಿಗೆ ಬೇಕು. ಹಣ ಖರ್ಚಾಗಿ, ಮಾತು ಮೊದಲಿನಂತೆಯೇ ಕೇಳುತ್ತಿರುತ್ತದೆ. ಅದೂ ಅಲ್ಲದೆ ಎರಡು ಕೋಣೆಗಳ ಮಟ್ಟದ ವ್ಯತ್ಯಾಸಕ್ಕೆ ಬರೀ 'ನಾಯ್ಸ್ ರಿಡಕ್ಷನ್' ಎನ್ನುತ್ತಾರೆ, ಕಿವಿರಕ್ಷಕಗಳ ಪೊಟ್ಟಣದ ಮೇಲೆ ಡೆಸಿಬೆಲ್‌ನಲ್ಲಿ 'ನಾಯ್ಸ್ ರಿಡಕ್ಷನ್ ರೇಟಿಂಗ್' ಎಂದು ಅಚ್ಚಾಗಿರುತ್ತದೆ. ಎರಡು ಪದ ಒಂದೇ, ಅಳತೆ ಮೂರು. ಕೊನೆಯಲ್ಲಿ ಕೋಎಫಿಶಿಯಂಟ್, ಇಂಡೆಕ್ಸ್, ರೇಟಿಂಗ್, ಕ್ಲಾಸ್ ಇವುಗಳಲ್ಲಿ ಯಾವುದೇ ಬಂದರೂ ಹೆಸರಿನಿಂದ ಅರ್ಥ ಊಹಿಸದೆ ಮಾನಕದಲ್ಲಿರುವ ವ್ಯಾಖ್ಯೆಯನ್ನೇ ನೋಡಬೇಕು. ಇವು ಒಪ್ಪಂದದಿಂದ ಇಟ್ಟ ಹೆಸರುಗಳು.

ಕ್ರಿಯಾರೂಪ ಸೇರಿದ ಸಮಾಸಗಳಲ್ಲಿ ಕನ್ನಡದವರಿಗೆ ದಾರಿ ಸಲೀಸು, ಪದಕ್ರಮ ಒಂದೇ ಇರುವುದರಿಂದ. 'ಸೌಂಡ್ ಅಬ್ಸಾರ್ಬಿಂಗ್ ಪ್ಯಾನಲ್' ಧ್ವನಿ ಹೀರುವ ಹಲಗೆ. 'ನಾಯ್ಸ್ ಇಂಡ್ಯೂಸ್ಡ್ ಹಿಯರಿಂಗ್ ಲಾಸ್' ಗದ್ದಲದಿಂದ ಉಂಟಾದ ಶ್ರವಣ ನಷ್ಟ. 'ಇಂಗ್' ಬಂದರೆ 'ಉವ', 'ಎಡ್' ಬಂದರೆ 'ಆದ' ಅಥವಾ 'ಇದ' ಎಂದುಕೊಂಡು ಮುಂದೆ ಹೋಗಬಹುದು. ಎಡವುವುದು ಎರಡು ಕಡೆ. ಒಂದು, 'ಲಿಸನಿಂಗ್ ರೂಮ್' ಮತ್ತು 'ಸ್ಟ್ಯಾಂಡಿಂಗ್ ವೇವ್'. ಅಲೆ ತಾನೇ ನಿಂತಿದೆ, ಕೋಣೆ ತಾನೇ ಕೇಳುತ್ತಿಲ್ಲ. ಮೊದಲನೆಯದರಲ್ಲಿ 'ಇಂಗ್' ಉದ್ದೇಶವನ್ನು ಹೇಳುತ್ತದೆ, ಕೇಳಲೆಂದು ಇರುವ ಕೋಣೆ. ಕನ್ನಡದ 'ಉವ' ಕೂಡ ಇಲ್ಲಿ ಅಷ್ಟೇ ಸಂದಿಗ್ಧ: 'ಕೇಳುವ ಕಿವಿ', 'ಕೇಳುವ ಕೋಣೆ'. ಇಂಥಲ್ಲಿ 'ಅಲೆಂದು' ಹಚ್ಚಿ ನೋಡಿ, ಒಪ್ಪಿದರೆ ಅದು ಉದ್ದೇಶ. ಎರಡು, 'ಏರ್‌ಬೋರ್ನ್' ಮತ್ತು 'ಸ್ಟ್ರಕ್ಚರ್‌ಬೋರ್ನ್'. ಬರೆಯುವಾಗ ಕೊನೆಯ 'ಇ' ಅಕ್ಷರ ಬಿಟ್ಟುಬಿಟ್ಟರೆ ಅದು 'ಹುಟ್ಟಿದ' ಎಂದಾಗುತ್ತದೆ. ಇಲ್ಲಿರಬೇಕಾದದ್ದು 'ಹೊತ್ತು ತಂದ'. ಮೇಲ್ಮಹಡಿಯ ಪಂಪಿನ ಸದ್ದು ಕಾಂಕ್ರೀಟಿನಲ್ಲಿ ಹುಟ್ಟುವುದಿಲ್ಲ, ಕಾಂಕ್ರೀಟು ಅದನ್ನು ಹೊತ್ತು ತರುತ್ತದೆ. ಪರಿಹಾರವೂ ಈ ವ್ಯತ್ಯಾಸಕ್ಕೆ ತಕ್ಕಂತೆ ಬದಲಾಗುತ್ತದೆ: ಗಾಳಿ ಹೊತ್ತು ತಂದದ್ದಕ್ಕೆ ಭಾರದ ಗೋಡೆ, ಕಟ್ಟಡ ಹೊತ್ತು ತಂದದ್ದಕ್ಕೆ ಪಂಪಿನ ಕೆಳಗೆ ಸ್ಪ್ರಿಂಗ್ ಅಥವಾ ರಬ್ಬರಿನ ಆಸರೆ.

ಬಹುವಚನದ ನಿಯಮ ಚಿಕ್ಕದು, ತಪ್ಪುವವರು ಬಹಳ. ವಿಶೇಷಣವಾಗಿ ಮುಂದೆ ನಿಂತ ನಾಮಪದ ಸಾಮಾನ್ಯವಾಗಿ ಏಕವಚನದಲ್ಲಿರುತ್ತದೆ, ಅರ್ಥ ಬಹುವಚನವಾಗಿದ್ದರೂ. ಹತ್ತು ಮೈಕ್ರೊಫೋನುಗಳಿದ್ದರೂ 'ಟೆನ್ ಮೈಕ್ರೊಫೋನ್ ಅರೇ', 'ಡೆಸಿಬೆಲ್ ಸ್ಕೇಲ್', 'ವೇವ್ ಈಕ್ವೇಶನ್'. 'ಇಯರ್‌ಪ್ಲಗ್ಸ್' ಸರಿ, 'ಇಯರ್ಸ್ ಪ್ಲಗ್' ತಪ್ಪು. ಕನ್ನಡದಲ್ಲೂ 'ಮರದ ಸಾಲು' ಎನ್ನುತ್ತೇವೆ, ಸಾಲಿನಲ್ಲಿ ಒಂದೇ ಮರ ಇರುವುದಿಲ್ಲ. 'ಅಕೌಸ್ಟಿಕ್ಸ್ ಲ್ಯಾಬೊರೇಟರಿ' ಎಂಬಲ್ಲಿ 'ಸ್' ಉಳಿಯುತ್ತದೆ, ಅದು ಬಹುವಚನವಲ್ಲ, ಶಾಸ್ತ್ರದ ಹೆಸರಿನ ಭಾಗ.

ಹೈಫನ್ನಿನದು ಜಾಗದ ಪ್ರಶ್ನೆ. 'ಲೋ' ಮತ್ತು 'ಫ್ರೀಕ್ವೆನ್ಸಿ' ಸೇರಿ ಮುಂದಿನ 'ನಾಯ್ಸ್' ಅನ್ನು ವಿವರಿಸುವಾಗ ಎರಡರ ನಡುವೆ ಹೈಫನ್ ಇಡಬೇಕು. ಅವೇ ಎರಡು ಪದ ವಾಕ್ಯದ ಕೊನೆಗೆ ತಾವಾಗಿ ನಿಂತರೆ ಹೈಫನ್ ಬೇಡ. 'ಸ್ಮಾಲ್ ರೂಮ್ ಅಕೌಸ್ಟಿಕ್ಸ್' ಎಂಬಲ್ಲಿ ಚಿಕ್ಕದು ಕೋಣೆ, ಶಾಸ್ತ್ರವಲ್ಲ ಎಂದು ಕಣ್ಣಿಗೆ ತೋರಿಸುವುದು ಆ ಪುಟ್ಟ ಗೆರೆ. ಬಳಕೆ ಗಟ್ಟಿಯಾದಂತೆ ಗೆರೆಯೂ ಅಳಿದು ಪದಗಳು ಕೂಡಿಕೊಳ್ಳುತ್ತವೆ: 'ಲೌಡ್‌ಸ್ಪೀಕರ್', 'ಬ್ಯಾಂಡ್‌ವಿಡ್ತ್', 'ವೇವ್‌ಲೆಂಗ್ತ್', 'ಹೆಡ್‌ಫೋನ್'. ಯಾವುದು ಕೂಡಿದೆ, ಯಾವುದು ಬಿಡಿಯಾಗಿದೆ ಎಂಬುದಕ್ಕೆ ಸೂತ್ರವಿಲ್ಲ. ಒಂದು ವರದಿಯಲ್ಲಿ ಒಂದು ರೂಪ ಹಿಡಿದರೆ ಕೊನೆಯವರೆಗೂ ಅದನ್ನೇ ಬಳಸಿ.

ಮಾತಿನಲ್ಲಿ ಹೈಫನ್ ಕೇಳಿಸುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಒತ್ತು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗದು, ಹಾಗಾಗಿ ನಮ್ಮ ಕಿವಿ ಇದನ್ನು ಬೇಕೆಂದೇ ಕಲಿಯಬೇಕು. 'ಲೌಡ್‌ಸ್ಪೀಕರ್' ಎಂದು ಮೊದಲ ಭಾಗ ಒತ್ತಿದರೆ ಧ್ವನಿವರ್ಧಕ. ಎರಡನೆಯದನ್ನೂ ಬಿಡಿಸಿ ಒತ್ತಿದರೆ ಗಟ್ಟಿಯಾಗಿ ಮಾತನಾಡುವ ಮನುಷ್ಯ. 'ಸೌಂಡ್ ವೇವ್', 'ನಾಯ್ಸ್ ಬ್ಯಾರಿಯರ್', 'ಹಿಯರಿಂಗ್ ಏಡ್', 'ಲಿಸನಿಂಗ್ ರೂಮ್' ಎಲ್ಲದರಲ್ಲೂ ಒತ್ತು ಮೊದಲ ಪದದ ಮೇಲೆ. ಪೂರ್ವಪದ ಯಾವುದರಿಂದ ಮಾಡಿದ್ದು ಎಂದು ಹೇಳುತ್ತಿದ್ದರೆ, ಅಂದರೆ 'ಸ್ಟೀಲ್ ಪ್ಲೇಟ್', 'ಕಾಂಕ್ರೀಟ್ ವಾಲ್' ಇಂಥವುಗಳಲ್ಲಿ, ಒತ್ತು ಸಾಮಾನ್ಯವಾಗಿ ಕೊನೆಯ ಪದಕ್ಕೆ ಜಾರುತ್ತದೆ.

ವ್ಯಕ್ತಿಗಳ ಹೆಸರು ಹೊತ್ತ ಪದಗಳನ್ನು ನೇರವಾಗಿ ನೆನಪಿಡಬೇಕು. 'ಡಾಪ್ಲರ್ ಎಫೆಕ್ಟ್', 'ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್' ಇವುಗಳಲ್ಲಿ ಹೆಸರು ಬರಿಯ ವಿಶೇಷಣ. ಷಷ್ಠಿಯ ಗುರುತಿಲ್ಲ, ಆದ್ದರಿಂದ ಮುಂದೆ 'ದಿ' ಅಥವಾ 'ಎ' ಬೇಕು. 'ಯಂಗ್ಸ್ ಮಾಡ್ಯುಲಸ್', 'ಸ್ನೆಲ್ಸ್ ಲಾ' ಇವುಗಳಲ್ಲಿ ಷಷ್ಠಿಯ ಗುರುತಿದೆ, 'ದಿ' ಬೇಡ. 'ಡಿಗ್ರಿ ಆಫ್ ಫ್ರೀಡಮ್' ಇಂಥವು 'ಆಫ್' ಬಿಟ್ಟು ಸಮಾಸವಾಗಲು ಒಪ್ಪುವುದೇ ಇಲ್ಲ. 'ಸ್ಪೀಡ್ ಆಫ್ ಸೌಂಡ್' ಸಾಮಾನ್ಯ ಬಳಕೆ, 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅದು ಸೆಕೆಂಡಿಗೆ 343 ಮೀಟರ್. ಸಮುದ್ರದ ಆಳಕ್ಕೆ ತಕ್ಕಂತೆ ಈ ವೇಗ ಬದಲಾಗುವ ನಕ್ಷೆಗೆ ಹೆಸರು ಬೇಕಾದಾಗ ಮಾತ್ರ ಅದು ಮಡಚಿಕೊಂಡು 'ಸೌಂಡ್ ಸ್ಪೀಡ್ ಪ್ರೊಫೈಲ್' ಆಗುತ್ತದೆ.

ಇಷ್ಟು ಕಲಿತವರು ಬರೆಯುವಾಗ ಉಲ್ಟಾ ತಪ್ಪು ಮಾಡುತ್ತಾರೆ, ಸರಪಳಿಯನ್ನು ಬೇಕಾಬಿಟ್ಟಿ ಬೆಳೆಸುತ್ತಾರೆ. 'ಕ್ಲಾಸ್‌ರೂಮ್ ಬ್ಯಾಕ್‌ಗ್ರೌಂಡ್ ನಾಯ್ಸ್ ಲೆವೆಲ್ ಮೆಶರ್‌ಮೆಂಟ್ ಪ್ರೊಸೀಜರ್' ವ್ಯಾಕರಣಕ್ಕೆ ತಪ್ಪಲ್ಲ, ಓದುವವರಿಗೆ ಹಿಂಸೆ. ಬಿಡಿಸುವಾಗ ಮೊದಲು ಒಡೆಯಬಾರದ ಗಂಟನ್ನು ಗುರುತಿಸಿ: 'ಬ್ಯಾಕ್‌ಗ್ರೌಂಡ್ ನಾಯ್ಸ್ ಲೆವೆಲ್' ಪಾರಿಭಾಷಿಕ ಪದ, ಅದನ್ನು ಮುಟ್ಟಬೇಡಿ. ಕೊನೆಯ 'ಪ್ರೊಸೀಜರ್' ಅನ್ನು ಮುಂದಕ್ಕೆ ತನ್ನಿ. 'ಮೆಶರ್‌ಮೆಂಟ್' ಅನ್ನು ಕ್ರಿಯೆಯಾಗಿಸಿ 'ಫಾರ್ ಮೆಶರಿಂಗ್' ಮಾಡಿ. ಸ್ಥಳ ಹೇಳುವ ಪದವನ್ನು 'ಇನ್' ಹಚ್ಚಿ ಕೊನೆಗೆ ಇಡಿ, ಈಗ ಅದಕ್ಕೆ ಬಹುವಚನವೂ ಬರುತ್ತದೆ: 'ಪ್ರೊಸೀಜರ್ ಫಾರ್ ಮೆಶರಿಂಗ್ ಬ್ಯಾಕ್‌ಗ್ರೌಂಡ್ ನಾಯ್ಸ್ ಲೆವೆಲ್ ಇನ್ ಕ್ಲಾಸ್‌ರೂಮ್ಸ್'. ಪಾರಿಭಾಷಿಕ ಗಂಟನ್ನು ಬಿಟ್ಟು ಮೂರು ನಾಮಪದಕ್ಕಿಂತ ಹೆಚ್ಚು ಸಾಲಾಗಿ ನಿಂತರೆ ಒಂದು 'ಆಫ್' ಅಥವಾ 'ಫಾರ್' ಹಾಕುವುದು ಒಳ್ಳೆಯ ಅಳತೆ.

ಇನ್ನು ಮೊದಲಕ್ಷರಗಳ ಹೆಸರುಗಳು. ಅವೂ ಸಮಾಸಗಳೇ, ಅವುಗಳ ಉತ್ತರಪದ ಕೊನೆಯ ಅಕ್ಷರದಲ್ಲಿದೆ. 'ಎಸ್‌ಪಿಎಲ್' (ಸೌಂಡ್ ಪ್ರೆಶರ್ ಲೆವೆಲ್) ಎಂಬುದರ 'ಎಲ್' ಮಟ್ಟ, ಮುಂದೆ ಬರಬೇಕಾದದ್ದು ಡೆಸಿಬೆಲ್. 'ಇಡಿಟಿ'ಯ (ಅರ್ಲಿ ಡಿಕೇ ಟೈಮ್) 'ಟಿ' ಸಮಯ, ಬರಬೇಕಾದದ್ದು ಸೆಕೆಂಡು. 'ಎನ್‌ಆರ್‌ಸಿ'ಯ (ನಾಯ್ಸ್ ರಿಡಕ್ಷನ್ ಕೋಎಫಿಶಿಯಂಟ್) 'ಸಿ' ಗುಣಾಂಕ, ಮಾನವೇ ಇಲ್ಲ. ಅದರ ಮುಂದೆ ಡೆಸಿಬೆಲ್ ಎಂದೋ ಶೇಕಡಾ ಎಂದೋ ಕಂಡರೆ ಬರೆದವರಿಗೆ ಹೆಸರು ಅರ್ಥವಾಗಿಲ್ಲ ಎಂದು ತಿಳಿಯಬಹುದು. 'ಎಸ್‌ಪಿಎಲ್ ಲೆವೆಲ್' ಎಂದು ಬರೆದರೆ ಮಟ್ಟದ ಮಟ್ಟ ಎಂದಾಯಿತು. ಎರಡನೆಯ 'ಲೆವೆಲ್' ಹೊಡೆದುಹಾಕಿ.